ಮಕ್ಕಳ ಕವನ ಸ್ಪರ್ಧೆ ಮಾಡುವವರಿಗೆ: ಪ್ರತಿ ಹಾಳೆಯಲ್ಲೂ ಒಂದು ಸಾಲಿಗೆ ಗೆರೆ

ನವೆಂಬರ್ 1ರ ರಾಜ್ಯೋತ್ಸವಕ್ಕೆ ಮಕ್ಕಳ ಕವನ ಸ್ಪರ್ಧೆ ಇಟ್ಟಿದ್ದೀರಾ? ಬಂದ ಪ್ರತಿ ಕವನದಲ್ಲೂ ನಿಮಗೆ ಇಷ್ಟವಾದ ಒಂದೇ ಒಂದು ಸಾಲಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಬಹುಮಾನ ಹಂಚುವ ಮೊದಲು, ಗೆದ್ದವರು ಸೋತವರು ಅಂತ ನೋಡದೆ, ಆ ಸಾಲುಗಳನ್ನೆಲ್ಲ ಮಕ್ಕಳ ಹೆಸರಿನ ಜೊತೆ ಮೈಕಿನಲ್ಲಿ ಓದಿ. ಹಾಳೆಯನ್ನು ಮಗುವಿಗೆ ವಾಪಸ್ ಕೊಡಿ. ಬಹುಮಾನ ಸಿಗುವುದು ಮೂರೇ ಮಕ್ಕಳಿಗೆ. ಉಳಿದವರು ಸುಮ್ನೆ ಒಂದು ಸರ್ಟಿಫಿಕೇಟ್ ಹಿಡಿದು ಮನೆಗೆ ಹೋಗುತ್ತಾರೆ, ತಮ್ಮ ಪದ್ಯವನ್ನು ಯಾರಾದರೂ ಓದಿದರಾ ಅನ್ನುವುದೇ ಗೊತ್ತಾಗುವುದಿಲ್ಲ. ಆ ಗೆರೆ ನೋಡಿದರೆ ಗೊತ್ತಾಗುತ್ತದೆ. ಯಾವ ಸಾಲು ಆರಿಸುತ್ತೀರಿ ಅನ್ನುವುದೂ ಮುಖ್ಯ. ‘ಕನ್ನಡ ನಾಡು ಚಿನ್ನದ ಬೀಡು’ ಥರದ ಪ್ರಾಸ ಎಲ್ಲರ ಹಾಳೆಯಲ್ಲೂ ಇರುತ್ತದೆ, ಅದನ್ನು ಬಿಡಿ. ‘ಮೋಡ ಕಂಡರೆ ಅಜ್ಜಿ ಹಪ್ಪಳ ಎತ್ತುತ್ತಾಳೆ, ನಾನು ದೋಣಿ ಮಡಿಸುತ್ತೇನೆ’ ಅಂತ ಎಲ್ಲೋ ಮೂಲೆಯಲ್ಲಿ ಇರುತ್ತದಲ್ವಾ, ಅದಕ್ಕೆ ಎಳೆಯಿರಿ. ಕಾಗುಣಿತ ತಪ್ಪಿದ್ದರೂ ಪರವಾಗಿಲ್ಲ. ಐವತ್ತು ಅರವತ್ತಕ್ಕಿಂತ ಜಾಸ್ತಿ ಕವನ ಬಂದರೆ ಮಾತ್ರ ಇದು ಕೈಕೊಡುತ್ತದೆ, ಸಭೆ ಆಕಳಿಸಲು ಶುರು ಮಾಡುತ್ತದೆ. ಆಗ ಸಾಲುಗಳನ್ನು ಡ್ರಾಯಿಂಗ್ ಶೀಟ್ ಮೇಲೆ ದೊಡ್ಡದಾಗಿ ಬರೆದು ಬಾಗಿಲ ಹತ್ತಿರ ಅಂಟಿಸಿ. ಅಪ್ಪ ಅಮ್ಮನೇ ಬರೆದುಕೊಟ್ಟ ಪದ್ಯದಲ್ಲಂತೂ ಇಂಥ ಸಾಲು ಹುಡುಕಿದರೂ ಸಿಗುವುದು ಕಷ್ಟ. ಅದಕ್ಕೇ ಮಕ್ಕಳನ್ನು ಅಲ್ಲೇ ಕೂರಿಸಿ, ಅರ್ಧ ಗಂಟೆ ಕೊಟ್ಟು ಬರೆಸುವುದು ವಾಸಿ. ನಾಚಿಕೆಯ ಮಗು ಹೆಸರು ಬೇಡ ಅಂದರೆ ಸಾಲು ಮಾತ್ರ ಓದಿ.