ಮಗುವಿನ ಜೊತೆ ಆಡಲು ಕಥೆಯ ಗೇಮ್ ಆರಿಸುವುದು ಹೇಗೆ?

ಹೋದ ಬೇಸಿಗೆ ರಜೆಯಲ್ಲಿ ತಂಗಿಯ ಮಗ ವಿಜಯಪುರದ ನಮ್ಮ ಮನೆಗೆ ಬಂದಿದ್ದ. ಆರು ವರ್ಷದವನು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಬಿಡುವ ಹಾಗಿರಲಿಲ್ಲ. ಅವನ ಅಪ್ಪ ಮೊಬೈಲ್‌ನಲ್ಲಿ ಒಂದು ಗೇಮ್ ಹಾಕಿಕೊಟ್ಟು ಮಲಗಲು ಹೋದರು. ಐಕಾನ್ ಮೇಲೆ ಪುಟ್ಟ ಹುಡುಗನ ಚಿತ್ರ ಇತ್ತು, ಅಷ್ಟೇ ನೋಡಿದ್ದು. ಹತ್ತು ನಿಮಿಷಕ್ಕೆ ಹುಡುಗ ಚೀರುತ್ತಾ ಅಡುಗೆಮನೆಗೆ ಓಡಿ ಬಂದ. ಆ ರಾತ್ರಿ ಬಚ್ಚಲಿಗೆ ಹೋಗಲೂ ಅವನಿಗೆ ಒಬ್ಬರು ಜೊತೆ ಬೇಕಾಯಿತು.

ಇಂಥದ್ದನ್ನು ನಾನು ನಾಲ್ಕಾರು ಮನೆಗಳಲ್ಲಿ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಥೆ ಇರುವ ಒಳ್ಳೆಯ ಗೇಮ್ ಸಿಕ್ಕರೆ, ಅಜ್ಜಿ ಹೇಳುವ ಕಥೆಯ ಹಾಗೇ ಮಗು ಅದರೊಳಗೆ ಇಳಿದುಬಿಡುತ್ತದೆ. ಆದರೆ ಆರಿಸುವ ಕೆಲಸ ನಮ್ಮದು.

1. ಜೊತೆಗೆ ಕೂರಲು ಆಗುತ್ತದಾ, ನೋಡಿಕೊಳ್ಳಿ

ಆಗುವುದಿಲ್ಲ ಅಂದರೆ ಆ ದಿನ ಗೇಮ್ ಬೇಡ. ಕ್ರೇಯಾನ್ಸ್ ಕೊಡಿ, ಕಣಕದ ಮುದ್ದೆ ಕೊಡಿ. ಕಥೆಯ ಗೇಮ್ ಇರುವುದು ಮಗುವನ್ನು ಸುಮ್ಮನೆ ಕೂರಿಸಲು ಅಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಮುಂದೆ ಕೂರಬಾರದು, ಕಡಿಮೆ ಇದ್ದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನನ್ನನ್ನು ಕೇಳಿದರೆ ಐದು ವರ್ಷ ತುಂಬುವವರೆಗೆ ಗೇಮ್ ಬೇಡವೇ ಬೇಡ. ಆಮೇಲೂ ಒಂದು ಸಲಕ್ಕೆ ಅರ್ಧ ಗಂಟೆ ಸಾಕು.

2. ಪುಕ್ಕಟೆ ಗೇಮ್‌ಗಳನ್ನು ಬಿಟ್ಟುಬಿಡಿ

ಪ್ಲೇ ಸ್ಟೋರ್‌ನಲ್ಲಿ ಗೇಮ್ ಹೆಸರಿನ ಕೆಳಗೇ ಜಾಹೀರಾತು ಇದೆಯೋ, ಒಳಗೆ ಖರೀದಿ ಇದೆಯೋ ಎಂದು ಬರೆದಿರುತ್ತದೆ. ಎರಡರಲ್ಲಿ ಒಂದು ಕಂಡರೂ ಮುಂದೆ ಹೋಗಿ. ರಾಜಕುಮಾರಿ ಕಾಡಿನಲ್ಲಿ ದಾರಿ ತಪ್ಪಿದ ಹೊತ್ತಿಗೇ ಸಾಲದ ಆ್ಯಪ್‌ನ ಜಾಹೀರಾತು ಬಂದರೆ ಕಥೆ ಎಲ್ಲಿ ಉಳಿಯುತ್ತದೆ? ಟಿವಿಯ ಕಾರ್ಟೂನ್ ಬೊಂಬೆಗಳ ಮುಖ ಕದ್ದು ಅಂಟಿಸಿದ ‘ಕಿಡ್ಸ್ ಸ್ಟೋರಿ’ ಆ್ಯಪ್‌ಗಳಂತೂ ಬೇಡ. ಅವುಗಳಲ್ಲಿ ಕಥೆಯೇ ಇರುವುದಿಲ್ಲ, ಬಟನ್ ಮಾತ್ರ ಇರುತ್ತವೆ. ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ ಎಪಿಕೆ ಫೈಲ್‌ನಿಂದ, ಅಂದರೆ ಪ್ಲೇ ಸ್ಟೋರ್‌ನ ಹೊರಗಿನಿಂದ, ಗೇಮ್ ಹಾಕಿಕೊಳ್ಳುವುದೂ ಬೇಡ. ಅದೇ ಮೊಬೈಲ್‌ನಲ್ಲಿ ನಿಮ್ಮ ಬ್ಯಾಂಕ್ ಖಾತೆಯೂ ಇದೆ, ಅಲ್ವಾ? ಒಮ್ಮೆ ದುಡ್ಡು ಕೊಟ್ಟರೆ ಪೂರ್ತಿ ನಿಮ್ಮದಾಗುವ ಗೇಮ್ ಕೊಳ್ಳಿ. ವರ್ಷಕ್ಕೆ ಎರಡು ಮೂರು ಸಾಕು.

3. ವಯಸ್ಸಿನ ಅಂಕಿ ನೋಡಿ, ಅದನ್ನೇ ನಂಬಬೇಡಿ

3+, 7+, 12+ ಎಂಬ ಗುರುತುಗಳು ಹೊಡೆದಾಟ, ರಕ್ತ, ಕೆಟ್ಟ ಮಾತು ಎಷ್ಟಿದೆ ಎಂದು ಹೇಳುತ್ತವೆ. ನಿಮ್ಮ ಮಗುವಿಗೆ ಕಥೆ ತಿಳಿಯುತ್ತದೋ ಇಲ್ಲವೋ ಎಂಬುದು ಅದರಲ್ಲಿ ಇರುವುದಿಲ್ಲ. 12+ ಇದ್ದರೆ ಅಲ್ಲಿಗೇ ಬಿಡಿ. 3+ ಇದ್ದರೆ ಮುಂದಿನ ಹೆಜ್ಜೆಗೆ ಬನ್ನಿ.

ಚಿತ್ರ ನೋಡಿ ಮೋಸ ಹೋಗುವವರೇ ಜಾಸ್ತಿ. ‘ಲಿಂಬೊ’ದಲ್ಲಿ ಪುಟ್ಟ ಹುಡುಗ ತಂಗಿಯನ್ನು ಹುಡುಕಿಕೊಂಡು ಹೋಗುತ್ತಾನೆ. ಆದರೆ ಹೆಜ್ಜೆ ತಪ್ಪಿದರೆ ಬಲೆಗೆ ಸಿಕ್ಕಿ, ದೈತ್ಯ ಜೇಡದ ಕಾಲಿಗೆ ಸಿಕ್ಕಿ ಸಾಯುತ್ತಾನೆ. ‘ಲಿಟಲ್ ನೈಟ್‌ಮೇರ್ಸ್’ನ ಹಳದಿ ರೇನ್‌ಕೋಟ್ ಮುದ್ದಾಗಿದೆ, ಗೇಮ್ ಪೂರ್ತಿ ಹೆದರಿಕೆಯದು. ಪುಣೆಯ ತಂಡವೊಂದು ಮಾಡಿದ ‘ರಾಜಿ’ 2020ರಲ್ಲಿ ಬಂತು. ನೋಡಲು ಬಹಳ ಚಂದ. ಅಕ್ಕ ತಮ್ಮನನ್ನು ಹುಡುಕುವ ಕಥೆ, ನಮ್ಮ ದೇವರುಗಳೂ ಬರುತ್ತಾರೆ. ಹಾಗಂತ ಐದು ವರ್ಷದವರ ಕೈಗೆ ಕೊಡಬೇಡಿ. ಉದ್ದಕ್ಕೂ ರಾಕ್ಷಸರ ಜೊತೆ ಕಾದಾಟವೇ. ಅದನ್ನು ಹೈಸ್ಕೂಲ್ ಹೊತ್ತಿಗೆ ಎತ್ತಿಡಿ.

4. ಮೊದಲು ನೀವೇ ಆಡಿ ನೋಡಿ

ಎಲ್ಲರೂ ತಪ್ಪುವುದು ಇಲ್ಲೇ. ರಿವ್ಯೂ ಓದುತ್ತಾರೆ, ಸ್ಟಾರ್ ಎಣಿಸುತ್ತಾರೆ, ಮಗುವಿನ ಕೈಗೆ ಕೊಟ್ಟುಬಿಡುತ್ತಾರೆ. ಸೀರೆ ಆದರೆ ಬಿಚ್ಚಿ, ಸೆರಗು ನೋಡಿ, ಮುಟ್ಟಿ ಕೊಳ್ಳುತ್ತೇವೆ. ಇದನ್ನೂ ಹಾಗೇ ಬಿಚ್ಚಿ ನೋಡಬೇಕು. ಮಗು ಮಲಗಿದ ಮೇಲೆ ಒಂದು ಗಂಟೆ ಕೂತುಕೊಳ್ಳಿ. ಇಷ್ಟವಾಗಲಿಲ್ಲ ಅಂದರೆ ಪ್ಲೇ ಸ್ಟೋರ್‌ನಲ್ಲಿ 48 ಗಂಟೆಯೊಳಗೆ ದುಡ್ಡು ವಾಪಸ್ ಕೇಳಬಹುದು. ಕಂಪ್ಯೂಟರ್‌ನಲ್ಲಿ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಅಂಗಡಿಯಿಂದ ಕೊಂಡಿದ್ದರೆ 14 ದಿನದೊಳಗೆ ಕೇಳಬೇಕು, ಆಡಿದ್ದು ಎರಡು ಗಂಟೆ ದಾಟಿರಬಾರದು.

ಆಡುವಾಗ ಮೊದಲು ಬೇಕೆಂದೇ ಸೋಲಿರಿ. ಸೋತಾಗ ಏನಾಗುತ್ತದೆ ಎಂಬುದೇ ಮುಖ್ಯ. ಪಾತ್ರ ಕಿರುಚಿ ಸಾಯುತ್ತದಾ? ಕೆಂಪು ಅಕ್ಷರ ಮುಖಕ್ಕೆ ಬಡಿಯುತ್ತದಾ? ಮತ್ತೆ ಶುರುವಿನಿಂದ ಬರಬೇಕಾ? ‘ಮಾನ್ಯುಮೆಂಟ್ ವ್ಯಾಲಿ’ಯಲ್ಲಿ ಇಡಾ ಎಂಬ ಪುಟ್ಟ ರಾಜಕುಮಾರಿ ಸಾಯುವುದಿಲ್ಲ. ದಾರಿಯಲ್ಲಿ ಕಾಗೆಗಳು ಅಡ್ಡ ಬಂದು ಕಾ ಕಾ ಅನ್ನುತ್ತವೆ, ಅಷ್ಟೇ. ಬೇರೆ ದಾರಿ ಹುಡುಕಬೇಕು. ಅಧ್ಯಾಯಗಳೂ ಚಿಕ್ಕವು, ಅರ್ಧ ಗಂಟೆಯೊಳಗೆ ಒಂದು ಕಡೆ ನಿಲ್ಲಿಸಬಹುದು. 2014ರ ಗೇಮ್, ಮೊಬೈಲ್‌ನಲ್ಲೇ ಸಿಗುತ್ತದೆ. ನಾನು ಎಲ್ಲರಿಗೂ ಮೊದಲು ಹೇಳುವುದು ಇದನ್ನೇ.

ಆಮೇಲೆ ಕೊನೆ ನೋಡಿ. ಪೂರ್ತಿ ಆಡಲು ಪುರುಸೊತ್ತಿಲ್ಲದಿದ್ದರೆ ಯಾರಾದರೂ ಆಡಿದ ವಿಡಿಯೊದಲ್ಲಿ ಕೊನೆಯ ಅರ್ಧ ಗಂಟೆ ಓಡಿಸಿ ನೋಡಿ. ಈ ಒಂದು ಅಡ್ಡದಾರಿಗೆ ನನ್ನ ಒಪ್ಪಿಗೆ ಇದೆ. ‘ಬ್ರದರ್ಸ್’ ಎಂಬ ಗೇಮ್ ಶುರುವಿನಲ್ಲಿ ಮಕ್ಕಳ ಚಿತ್ರಕಥೆಯ ಹಾಗೇ ಕಾಣುತ್ತದೆ. ಕಾಯಿಲೆ ಬಿದ್ದ ಅಪ್ಪನಿಗೆ ಔಷಧಿ ತರಲು ಅಣ್ಣ ತಮ್ಮ ಹೊರಡುತ್ತಾರೆ. ಕೊನೆಗೆ ಅಣ್ಣ ಸಾಯುತ್ತಾನೆ, ಚಿಕ್ಕವನೇ ಅವನನ್ನು ಮಣ್ಣು ಮಾಡಬೇಕು, ಅದೂ ನಿಮ್ಮ ಬೆರಳಿನಿಂದಲೇ. ದೊಡ್ಡವರಿಗೆ ಬಹಳ ಒಳ್ಳೆಯ ಕಥೆ. ಮನೆಯಲ್ಲಿ ಅಣ್ಣನಿರುವ ಆರು ವರ್ಷದ ಹುಡುಗನಿಗೆ ಬೇಡ.

ಇನ್ನು ಮಾತಿನ ವಿಷಯ. ಇಂಥ ಗೇಮ್‌ಗಳು ಕನ್ನಡದಲ್ಲಿ ಸಿಗುವುದು ಅಪರೂಪ. ಹಾಗಾಗಿ ನಾನು ಆಡುವಾಗ ಪ್ರತಿ ಮಾತನ್ನೂ ಮನಸ್ಸಿನಲ್ಲೇ ನಮ್ಮ ಮನೆಯ ಮಾತಿಗೆ ತಿರುಗಿಸಿ ನೋಡುತ್ತೇನೆ. ಸಲೀಸಾಗಿ ಬಂದರೆ ಆ ಗೇಮ್ ತೆಗೆದುಕೊಳ್ಳುತ್ತೇನೆ. ತಡವರಿಸಿದರೆ ಬಿಡುತ್ತೇನೆ. ನೀವೂ ಹೀಗೇ ಮಾಡಿ. ನಿಮ್ಮ ಬಾಯಲ್ಲಿ ಕಥೆ ಆಗದ ಗೇಮ್ ನಿಮ್ಮ ಮಗುವಿಗೂ ಕಥೆ ಆಗುವುದಿಲ್ಲ.

ಒಂದು ಉದಾಹರಣೆ ಹೇಳುತ್ತೇನೆ. 2019ರಲ್ಲಿ ಬಂದ ‘ಎ ಶಾರ್ಟ್ ಹೈಕ್’ ಗೇಮ್‌ನಲ್ಲಿ ಕ್ಲೇರ್ ಎಂಬ ಹಕ್ಕಿ ಹುಡುಗಿ ರಜೆಗೆ ಬಂದಿದ್ದಾಳೆ. ಅವಳಿಗೆ ಒಂದು ಫೋನ್ ಬರುವುದಿದೆ. ನೆಟ್‌ವರ್ಕ್ ಇರುವುದು ಗುಡ್ಡದ ತುದಿಯಲ್ಲಿ ಮಾತ್ರ. ರಜೆಗೆ ಬಂದ ಜಾಗದಲ್ಲೇ ಅವಳ ‘ಆಂಟ್’ ಮೇ ಕೂಡ ಇದ್ದಾಳೆ. ಇಂಗ್ಲಿಷ್‌ನಲ್ಲಿ ಅಷ್ಟಕ್ಕೇ ಬಿಟ್ಟುಬಿಡುತ್ತಾರೆ. ನಮ್ಮಲ್ಲಿ ಹಾಗಲ್ಲ, ಅವಳು ಯಾರು ಎಂದು ಹೇಳಲೇಬೇಕು. ಅತ್ತೆಯಾ, ಚಿಗವ್ವನಾ? ನಾನು ಹಿಂದಿನ ರಾತ್ರಿಯೇ ಯೋಚಿಸಿ ಚಿಗವ್ವ ಎಂದು ಮಾಡಿಕೊಂಡೆ. ಮರುದಿನ ಮಗಳು ಕೇಳಿದಳು:

“ಅಪ್ಪಾ, ಈಕಿ ಗುಡ್ಡ ಯಾಕ ಹತ್ತಾಕತ್ತಾಳ?”

“ಫೋನ್ ಬರೂದೈತಿ. ಕೆಳಗ ರೇಂಜ್ ಸಿಗವಲ್ದು.”

“ಹಂಗಂದ್ರ ನಮ್ ಮುತ್ಯಾ ಮಾಳಿಗಿ ಹತ್ತಿ ಮಾತಾಡ್ತಾನಲ್ಲ, ಹಂಗ!”

ಹಳ್ಳಿಯಲ್ಲಿ ನಮ್ಮ ಅಪ್ಪ ಫೋನ್ ಹಿಡಿದುಕೊಂಡು ಏಣಿ ಹತ್ತುವುದನ್ನು ಅವಳು ನೋಡಿದ್ದಾಳೆ. ಅಲ್ಲಿಂದ ಮುಂದೆ ನಾನು ಜಾಸ್ತಿ ವಿವರಿಸಬೇಕಾಗಲೇ ಇಲ್ಲ. ಈ ಗೇಮ್‌ಗೆ ಕಂಪ್ಯೂಟರ್ ಅಥವಾ ಗೇಮ್ ಆಡಲೆಂದೇ ಮಾಡಿದ ಕನ್ಸೋಲ್ ಬೇಕು. ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದ್ದರೆ ಒಮ್ಮೆ ನೋಡಿ.

ಓದಿ ಹೇಳುವ ಅಭ್ಯಾಸ ಇಲ್ಲದವರು ಮಾತೇ ಇಲ್ಲದ ಗೇಮ್ ಆರಿಸಿಕೊಳ್ಳಿ. ಚೆಕ್ ದೇಶದ ಅಮಾನಿತಾ ಡಿಸೈನ್‌ನವರು ಇದರಲ್ಲಿ ಪಳಗಿದವರು. ಅವರ ‘ಮಷಿನೇರಿಯಂ’ನಲ್ಲಿ ಗುಜರಿಗೆ ಬಿಸಾಕಿದ ಪುಟ್ಟ ರೋಬಾಟ್ ತನ್ನ ಕೈಕಾಲು ತಾನೇ ಜೋಡಿಸಿಕೊಂಡು ಊರಿಗೆ ವಾಪಸ್ ಹೊರಡುತ್ತದೆ. ಪಾತ್ರಗಳು ಮಾತಾಡುವ ಬದಲು ತಲೆಯ ಮೇಲೆ ಚಿತ್ರ ಮೂಡುತ್ತದೆ. ಒಗಟುಗಳು ದೊಡ್ಡವರಿಗೂ ಕಷ್ಟ, ಅವನ್ನು ನೀವು ಬಿಡಿಸಿ. ‘ಬೊಟಾನಿಕುಲಾ’ ಇನ್ನೂ ಮುದ್ದು, ಆದರೆ ಅದರಲ್ಲಿ ಜೇಡದಂಥ ಕಪ್ಪು ಹುಳುಗಳಿವೆ. ಹುಳ ಕಂಡರೆ ಅಳುವ ಮಗುವಾದರೆ ತಡೆಯಿರಿ.

‘ನೆವರ್ ಅಲೋನ್’ ಬಗ್ಗೆಯೂ ಹೇಳಲೇಬೇಕು. 2014ರಲ್ಲಿ ಅಲಾಸ್ಕಾದ ಇನುಪಿಯಾಕ್ ಜನರೇ ಜೊತೆ ನಿಂತು ಮಾಡಿಸಿದ ಗೇಮ್ ಇದು. ಕಥೆ ಹೇಳುವ ಧ್ವನಿ ಅವರದೇ ಭಾಷೆಯಲ್ಲಿದೆ, ಇಂಗ್ಲಿಷ್ ಬರುವುದು ಕೆಳಗೆ ಅಕ್ಷರದಲ್ಲಿ. ನನಗೆ ಅದನ್ನು ಕೇಳುವಾಗ ಹೊಟ್ಟೆಕಿಚ್ಚಾಗುತ್ತದೆ, ನಮ್ಮ ಭಾಷೆಯಲ್ಲೂ ಇಂಥದ್ದೊಂದು ಬರಬೇಕು ಅನ್ನಿಸುತ್ತದೆ. ಒಬ್ಬರು ಹುಡುಗಿಯಾಗಿ, ಇನ್ನೊಬ್ಬರು ನರಿಯಾಗಿ ಇಬ್ಬರೂ ಒಟ್ಟಿಗೆ ಆಡಬಹುದು. ಹಿಮಕರಡಿ ಅಟ್ಟಿಸಿಕೊಂಡು ಬರುತ್ತದೆ, ನಡುವೆ ನರಿಯ ಸಾವೂ ಇದೆ. ಎಂಟು ವರ್ಷದ ಮೇಲೆ ಕೊಡಿ.

5. ಆಡಲು ಕೂರಿ

ಗೇಮ್ ಮಗುವಿನ ಕೈಯಲ್ಲಿ ಇರಲಿ, ಮಾತು ನಿಮ್ಮ ಬಾಯಲ್ಲಿ ಇರಲಿ. ಹೆಡ್‌ಫೋನ್ ಬೇಡ. ಮೊಬೈಲ್‌ಗಿಂತ ಟ್ಯಾಬ್ ಮೇಲು, ಟಿವಿಗೆ ಜೋಡಿಸಿದರೆ ಇನ್ನೂ ಮೇಲು. ಮಗುವಿನ ಬೆರಳು ಹಿಡಿದು ಒತ್ತಬೇಡಿ. ಕಥೆಯ ನಡುವೆ “ಇದಕ್ಕೆ ಇಂಗ್ಲಿಷ್‌ನಲ್ಲಿ ಏನಂತಾರೆ?” ಎಂದು ಪಾಠ ತೆಗೆಯಬೇಡಿ. ಎಷ್ಟೋ ಅಪ್ಪಂದಿರು ಇದನ್ನು ಮಾಡುತ್ತಾರೆ, ಮಗು ಎದ್ದು ಹೋಗುತ್ತದೆ. ಹೆದರಿದರೆ ತಕ್ಷಣ ನಿಲ್ಲಿಸಿ, ಬೇರೆ ದಿನ ನೋಡಿದರಾಯಿತು. ರಾತ್ರಿ ಊಟ ಆದ ಮೇಲೆ ಬೇಡ.

6. ಮುಗಿದ ಮೇಲೆ ಅಳಿಸಬೇಡಿ

ಮಕ್ಕಳು ಅದೇ ಕಥೆಯನ್ನು ಮತ್ತೆ ಮತ್ತೆ ಕೇಳುತ್ತಾರೆ, ಗೇಮ್‌ನದೂ ಅಷ್ಟೇ. ಹೊಸದು ತರಲು ಅವಸರ ಮಾಡಬೇಡಿ. ಎರಡನೇ ಸಲ ಮಗುವೇ ಕಥೆ ಹೇಳಲಿ, ನೀವು ಬರೀ ಹೂಂ ಅನ್ನಿ.

ಆಗುವುದಾದರೆ ಹೊರಗೂ ಕರೆದುಕೊಂಡು ಹೋಗಿ. ಇಡಾಳ ಕಥೆಯ ಎರಡನೇ ಸುತ್ತು ನಡೆಯುತ್ತಿದ್ದಾಗ ನಾವು ಒಂದು ಭಾನುವಾರ ಬೆಳಿಗ್ಗೆಯೇ, ಜನ ಸೇರುವ ಮೊದಲು, ಗೋಳಗುಮ್ಮಟಕ್ಕೆ ಹೋದೆವು. ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲುಗಳನ್ನು ಮಗಳು ಒಂದೊಂದಾಗಿ ಎಣಿಸುತ್ತಾ ಹತ್ತಿದಳು. ಮೇಲೆ, ಗುಮ್ಮಟದ ಒಳಸುತ್ತಿನಲ್ಲಿ, ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ “ಇಡಾ” ಅಂದಳು. ನಾನು ಎದುರು ಬದಿಯಲ್ಲಿ ಗೋಡೆಗೆ ಕಿವಿಕೊಟ್ಟು ನಿಂತಿದ್ದೆ. ಹೆಸರು ನನ್ನ ಕಿವಿಯ ಪಕ್ಕದಲ್ಲೇ ಕೇಳಿಸಿತು. “ಹೂಂ, ಇಲ್ಲೇ ಅದೀನಿ” ಎಂದು ನಾನೂ ಗೋಡೆಗೇ ಉತ್ತರ ಕೊಟ್ಟೆ.