ಡಕ್ಟ್ ಬಿಚ್ಚಿದೆ, ಸೀನು ಬೇರೆ ಕಡೆಯೂ ಸಿಕ್ಕಿತು

ನಾನು ಮೊದಲ ಸಲ ಡಕ್ಟ್, ಅಂದರೆ ಎಸಿಯ ಗಾಳಿ ಕೋಣೆಗಳಿಗೆ ಹೋಗುವ ಕೊಳವೆ, ಕ್ಲೀನ್ ಮಾಡಿದ ದಿನ ರಾತ್ರಿ ಹನ್ನೊಂದಕ್ಕೆ ಫೋನ್ ಬಂತು. "ಏನ್ ಮಾಡಿ ಹೋಗೀರಿ ನೀವು? ಹುಡುಗಗ ಉಸಿರ ಆಡವಲ್ದು, ದವಾಖಾನ್ಯಾಗ ಅದೀವಿ" ಅಂದರು.

ಹುಬ್ಬಳ್ಳಿ ಕೇಶ್ವಾಪುರದ ಮನೆ ಅದು. ಹುಡುಗನಿಗೆ ಧೂಳಿನ ಅಲರ್ಜಿ ಅಂತಲೇ ನನ್ನನ್ನು ಕರೆದಿದ್ದರು. ನಾನು ಮಾಡಿದ್ದು ಇಷ್ಟೇ: ಡಕ್ಟ್ ಬಾಯಿಗೆ ಹಾಕಿದ್ದ ಗ್ರಿಲ್ ಬಿಚ್ಚಿದೆ, ಅಂಗಡಿಯಿಂದ ಒಯ್ದಿದ್ದ ಬ್ಲೋವರ್ ಹಿಡಿದು ಜೋರಾಗಿ ಗಾಳಿ ಹೊಡೆದೆ, ಕೆಳಗೆ ಬಿದ್ದದ್ದನ್ನು ಗುಡಿಸಿ ಎತ್ತಿದೆ. ಕಣ್ಣಿಗೆ ಕಾಣುವ ಧೂಳು ಹೋಯಿತು. ಕಾಣದೇ ಇರೋದು ಇಡೀ ಮನೆಯ ಗಾಳಿಯಲ್ಲಿ ತೇಲುತ್ತಾ ಇತ್ತು. ಹುಡುಗ ಪಕ್ಕದ ಕೋಣೆಯಲ್ಲೇ ಓದುತ್ತಾ ಕೂತಿದ್ದ. ನೆಬುಲೈಸರ್ ಹಾಕಿದ ಮೇಲೆ ಸುಧಾರಿಸಿಕೊಂಡು ಬೆಳಗ್ಗೆ ಮನೆಗೆ ಬಂದನಂತೆ. ನಾನು ದುಡ್ಡು ಕೇಳಲಿಲ್ಲ. ಅವರೂ ನನ್ನನ್ನು ಮತ್ತೆ ಕರೆಯಲಿಲ್ಲ.

ಎಸಿ ಕೆಲಸಕ್ಕೆ ಬಂದು ಈಗ ಹದಿನಾರು ವರ್ಷ. ನಿಜ ಹೇಳಬೇಕೆಂದರೆ ನಮ್ಮ ಕಡೆ ಮನೆಗಳಲ್ಲಿ ಡಕ್ಟ್ ಇರೋದೇ ಕಡಿಮೆ. ಗೋಡೆಗೆ ಹಾಕುವ ಸ್ಪ್ಲಿಟ್ ಎಸಿ, ಇಲ್ಲಾಂದ್ರೆ ಕೂಲರ್. ಡಕ್ಟ್ ಅಂದರೆ ಹೋಟೆಲ್, ಕಲ್ಯಾಣ ಮಂಟಪ, ಬಟ್ಟೆ ಅಂಗಡಿ, ಇತ್ತೀಚೆಗೆ ಕಟ್ಟಿದ ಕೆಲವು ದೊಡ್ಡ ಬಂಗಲೆ. ಆದರೆ ಧೂಳಿಗೆ ಬರ ಇಲ್ಲ. ಫಿಲ್ಟರ್ ಬಿಚ್ಚಿ ನೋಡಿದರೆ ಯಾವ ಊರಿನ ಎಸಿ ಅಂತ ನಾನು ಹೇಳಬಲ್ಲೆ. ಧಾರವಾಡದ್ದು ಕೆಂಪು ಮಣ್ಣಿನ ಬಣ್ಣ. ನವಲಗುಂದ, ಅಣ್ಣಿಗೇರಿ ಕಡೆಯದು ಎರೆ ಮಣ್ಣಿನ ಕಪ್ಪು. ಬ್ಯಾಡಗಿ ಮಾರ್ಕೆಟ್ ಹತ್ತಿರದ್ದಾದರೆ ನೋಡುವುದೇ ಬೇಡ, ಫಿಲ್ಟರ್ ಹೊರಗೆ ಎಳೆದ ಕೂಡಲೇ ನನಗೇ ನಾಲ್ಕು ಸೀನು. ಅದು ಅಲರ್ಜಿಯಲ್ಲ, ಮೆಣಸಿನಕಾಯಿ ಘಾಟು. ಅಲರ್ಜಿ ಇದ್ದವರಿಗೆ ಆ ಘಾಟೂ ಸೇರಿ ಇನ್ನೂ ಜಾಸ್ತಿ ಆಗುತ್ತೆ ಅಷ್ಟೇ.

ಈಗ ಹೇಳಹೊರಟಿರೋದು ಧಾರವಾಡ ಕಲ್ಯಾಣನಗರದ ಒಂದು ಮನೆಯ ಕೆಲಸ. ಗಂಡ ಹೆಂಡತಿ ಇಬ್ಬರೂ ರಿಟೈರ್ ಆದ ಮೇಷ್ಟ್ರುಗಳು. ಮಗ ಬೆಂಗಳೂರಲ್ಲಿ ಇದ್ದಾನೆ, ಅವನೇ ಮನೆ ಕಟ್ಟಿಸಿ ಡಕ್ಟ್ ಎಸಿ ಹಾಕಿಸಿಕೊಟ್ಟಿದ್ದ. ಹೆಂಡತಿಗೆ, ನಾನು ಅಕ್ಕಾರು ಅಂತೀನಿ, ಮೂಗು, ಕಣ್ಣು ಎರಡೂ ಸೋರುತ್ತಿದ್ದವು. ನಾನು ಒಳಗೆ ಕಾಲಿಟ್ಟ ಕೂಡಲೇ ಲೆಕ್ಕ ಒಪ್ಪಿಸಿದರು. "ಎಸಿ ಹಚ್ಚಿದ ಕೂಡ್ಲೇ ಹತ್ತು ಸೀನು ಬರ್ತಾವ ನೋಡ್ರಿ. ಬಂದ್ ಮಾಡಿದ್ರ ಕಡಿಮಿ. ಮತ್ತ ಮುಂಜಾನೆ ಏಳೂ ಹೊತ್ತಿಗೆ ಒಂದ್ ಇಪ್ಪತ್ತು."

ಅವರು ಹೇಳಿದ್ದು ಎರಡು ಮಾತು. ನಾನು ಕೇಳಿಸಿಕೊಂಡದ್ದು ಒಂದೇ. ಎಸಿಯವನಿಗೆ ಎಸಿ ಮಾತು ಮಾತ್ರ ಕಿವಿಗೆ ಬೀಳುತ್ತೆ, ಅಲ್ವಾ?

ಬೇರೆ ಒಬ್ಬರು ಬಂದು, ಡಕ್ಟ್ ಒಳಗೆ ಔಷಧಿ ಹೊಗೆ ಬಿಡ್ತೀವಿ, ಅಲರ್ಜಿ ಪೂರ್ತಿ ಹೋಗುತ್ತೆ ಅಂತ ಹೇಳಿ ಹೋಗಿದ್ದರಂತೆ. ಬೇಡ ಅಂದೆ. ಉಸಿರಾಟದ ತೊಂದರೆ ಇದ್ದವರ ಮನೆಯಲ್ಲಿ ವಾಸನೆಯ ರಾಸಾಯನಿಕ ಹೊಡೆಯೋದು ಸುಮ್ನೆ ಇನ್ನೊಂದು ಕಾಯಿಲೆ ತಂದಂತೆ. ಅಮೆರಿಕದಲ್ಲಿ ಬಹಳಷ್ಟು ಮನೆಗಳಲ್ಲಿ ಡಕ್ಟ್ ಇದೆ. ಅಲ್ಲಿನ ಸರ್ಕಾರದ ಪರಿಸರ ಸಂಸ್ಥೆ, ಇಪಿಎ, ಇದನ್ನು ಜನರಿಗೆ ಸ್ಪಷ್ಟವಾಗಿ ಹೇಳಿದೆ. ಡಕ್ಟ್ ತೊಳೆದರೆ ಕಾಯಿಲೆ ಬರೋದು ನಿಲ್ಲುತ್ತೆ ಅಂತ ಸಾಬೀತಾಗಿಲ್ಲ. ಒಳಗೆ ಕಣ್ಣಿಗೆ ಕಾಣುವಂತೆ ಬೂಸ್ಟು ಬೆಳೆದಿದ್ದರೆ, ಇಲಿ ಹುಳ ಸೇರಿದ್ದರೆ, ಧೂಳು ಕಟ್ಟಿಕೊಂಡು ಗ್ರಿಲ್‌ನಿಂದ ಮನೆಯೊಳಗೆ ಉದುರುತ್ತಿದ್ದರೆ ಆಗ ಮಾಡಿಸಿ ಅನ್ನುತ್ತೆ. ಈ ಮಾತಿನಿಂದ ನನ್ನ ಗಳಿಕೆಗೇ ಕಲ್ಲು. ಆದರೂ ಈಗ ಯಾರೇ ಕರೆದರೂ ಮೊದಲು ಗ್ರಿಲ್ ಒಂದು ಬಿಚ್ಚಿ ಮೊಬೈಲ್ ಒಳಗೆ ತೂರಿಸಿ ವಿಡಿಯೋ ತೆಗೆಯುತ್ತೇನೆ. ಏನೂ ಇಲ್ಲದಿದ್ದರೆ ಚಹಾ ಕುಡಿದು ವಾಪಸ್ ಬರುತ್ತೇನೆ.

ಇಲ್ಲಿ ಇತ್ತು. ಗ್ರಿಲ್ ಅಂಚಿನಲ್ಲಿ ಬೂದು ಬಣ್ಣದ ಧೂಳು ಹತ್ತಿಯ ಹಾಗೆ ಜೋತಾಡುತ್ತಿತ್ತು.

ಅಕ್ಕಾರನ್ನು ಎರಡು ದಿನ ಬೆಳಗಾವಿಯ ತಂಗಿ ಮನೆಗೆ ಕಳಿಸಿ ಅಂದೆ. ಕೇಶ್ವಾಪುರದ ಪಾಠ ಅದು. ಮೇನ್ ಸ್ವಿಚ್ ಬಂದ್ ಮಾಡಿ, ಸಾಮಾನಿಗೆಲ್ಲ ಪ್ಲಾಸ್ಟಿಕ್ ಹೊದಿಸಿ, ಎಲ್ಲಾ ಗ್ರಿಲ್‌ಗಳ ಬಾಯಿಗೂ ಪ್ಲಾಸ್ಟಿಕ್ ಹಾಳೆ ಇಟ್ಟು ಟೇಪ್ ಬಡಿದೆವು. ತೆರೆದಿಟ್ಟದ್ದು ಒಂದೇ, ಎಸಿ ಮೆಷಿನ್‌ಗೆ ಎಲ್ಲಕ್ಕಿಂತ ದೂರ ಇದ್ದದ್ದು. ಮೆಷಿನ್ ಕಡೆಯ ತುದಿಗೆ ಹೆಪಾ ಫಿಲ್ಟರ್ ಇರುವ ದೊಡ್ಡ ವ್ಯಾಕ್ಯೂಮ್ ಜೋಡಿಸಿದೆವು. ಹೆಪಾ ಯಾಕೆ ಅಂದರೆ ಅದು 0.3 ಮೈಕ್ರಾನ್‌ನ, ಕಣ್ಣಿಗೆ ಕಾಣದ ಕಣವನ್ನೂ ನೂರಕ್ಕೆ 99.97 ಭಾಗ ಹಿಡಿಯುತ್ತೆ. ಮಾಮೂಲಿ ವ್ಯಾಕ್ಯೂಮ್ ಮುಂದಿನಿಂದ ಎಳೆದದ್ದನ್ನು ಹಿಂದಿನಿಂದ ಉಗುಳುತ್ತೆ.

ಬ್ರಷ್ ಹಾಕುವ ಮುಂಚೆ ಒಂದು ಊದುಬತ್ತಿ ಹಚ್ಚಿ ತೆರೆದ ಗ್ರಿಲ್ ಹತ್ತಿರ ಹಿಡಿದೆ. ಹೊಗೆ ನೆಟ್ಟಗೆ ಒಳಗೆ ಹೋಗಬೇಕು. ಹೊರಗೇ ಸುಳಿದಾಡಿತು ಅಂದರೆ ಎಲ್ಲೋ ಟೇಪ್ ಬಿಟ್ಟಿದೆ ಅಂತ. ಮೊದಲ ಸಲ ಸುರುಳಿ ಸುತ್ತಿ ಹೊರಗೇ ಉಳಿಯಿತು. ನನ್ನ ಜೊತೆ ಕೆಲಸಕ್ಕೆ ಬಂದ ಹುಡುಗನನ್ನು ಅಟ್ಟಿ ನೋಡಿಸಿದರೆ ದೇವರ ಕೋಣೆಯ ಗ್ರಿಲ್ ಟೇಪ್ ಬಿಚ್ಚಿಕೊಂಡಿತ್ತು. ಸರಿ ಮಾಡಿದ ಮೇಲೆ ಹೊಗೆ ದಾರದ ಹಾಗೆ ಒಳಗೆ ಹೋಯಿತು. ನೋಡಲಿಕ್ಕೆ ಚೆಂದ. ಆಮೇಲೆ ತಿರುಗುವ ಬ್ರಷ್ ಬಿಟ್ಟೆ, ದೂರದಿಂದ ಮೆಷಿನ್ ಕಡೆಗೆ. ತಗಡಿನ ಡಕ್ಟ್‌ಗೆ ಬ್ರಷ್ ನಡೆಯುತ್ತೆ. ಸುರುಳಿ ತಂತಿಯ ಮೆತ್ತನೆಯ ಡಕ್ಟ್‌ಗೆ ನಡೆಯಲ್ಲ, ಹರಿದೇ ಹೋಗುತ್ತೆ. ಇಲ್ಲಿ ಅಂಥವು ಎರಡು ತುಂಡು ಮುಂಚೇನೇ ಹರಿದಿದ್ದವು, ಹೊಸದು ಹಾಕಿದೆವು.

ಇಷ್ಟೆಲ್ಲ ಮಾಡಿ ಸಪ್ಲೈ ಡಕ್ಟ್‌ನಿಂದ, ಅಂದರೆ ತಣ್ಣನೆ ಗಾಳಿ ಕೋಣೆಗೆ ಒಯ್ಯುವ ದಾರಿಯಿಂದ, ಬಂದದ್ದು ಒಂದು ಸೇರಿನಷ್ಟು ಧೂಳು. ನನಗೇ ನಿರಾಸೆ ಆಯಿತು.

ಗಾಳಿ ವಾಪಸ್ ಬರುವ ದಾರಿ, ಅಂದರೆ ರಿಟರ್ನ್, ಬಿಚ್ಚಿದ ಮೇಲೆ ಕಥೆ ಗೊತ್ತಾಯಿತು. ಅಲ್ಲಿ ಡಕ್ಟೇ ಇರಲಿಲ್ಲ. ಫಾಲ್ಸ್ ಸೀಲಿಂಗ್ ಮೇಲಿನ ಖಾಲಿ ಜಾಗವನ್ನೇ ದಾರಿ ಮಾಡಿ ಬಿಟ್ಟಿದ್ದರು. ಅದರ ಮೇಲೆ ಪಿಓಪಿ ಪುಡಿ, ಕಟ್ಟಿಗೆ ಹೊಟ್ಟು, ಸಿಮೆಂಟು, ಗೌಂಡಿ ಸೇದಿ ಬಿಸಾಕಿದ ಬೀಡಿ, ಜಿರಳೆ ರೆಕ್ಕೆ, ಇಲಿ ಹಿಕ್ಕೆ. ಜಿರಳೆ ಸುಮ್ಮನೆ ಹೇಳಿದ್ದಲ್ಲ, ಅದರ ಪುಡಿಯೂ ಅಲರ್ಜಿ ತರೋದೇ. ಅರ್ಧ ಗೊಬ್ಬರದ ಚೀಲ ತುಂಬಿತು. ಆರು ವರ್ಷ ಇದನ್ನೆಲ್ಲ ಸವರಿಕೊಂಡು ಬಂದ ಗಾಳಿಯೇ ತಣ್ಣಗಾಗಿ ಅವರ ಮಂಚದ ಮೇಲೆ ಬೀಳುತ್ತಿತ್ತು.

ಹಾಗಾದರೆ ಫಿಲ್ಟರ್ ಏನು ಮಾಡುತ್ತಿತ್ತು? ಫಿಲ್ಟರ್ ಪಾಪ ಸ್ವಚ್ಛವಾಗೇ ಇತ್ತು. ಅದೇ ನನಗೆ ಅನುಮಾನ ತಂದದ್ದು. ಕೈ ಹಾಕಿ ನೋಡಿದರೆ ಫ್ರೇಮಿಗೂ ಪೆಟ್ಟಿಗೆಗೂ ನಡುವೆ ಬೆರಳು ಹೋಗುವಷ್ಟು ಸಂದಿ. ಸುಲಭದ ದಾರಿ ಇದ್ದಾಗ ಗಾಳಿ ಯಾಕೆ ಜಾಲರಿಯಲ್ಲಿ ತೂರಿಕೊಂಡು ಹೋಗುತ್ತೆ? ಸುತ್ತಲೂ ಫೋಮ್ ಟೇಪ್ ಅಂಟಿಸಿದೆ. ಇಡೀ ಕೆಲಸದಲ್ಲಿ ಅತಿ ಕಡಿಮೆ ಖರ್ಚಿನ ಸಾಮಾನು ಅದು, ಅತಿ ಜಾಸ್ತಿ ಉಪಯೋಗಕ್ಕೆ ಬಂದದ್ದೂ ಅದೇ ಅಂತ ನನ್ನ ಲೆಕ್ಕ. ಇನ್ನೂ ದಟ್ಟನೆಯ ಫಿಲ್ಟರ್ ಹಾಕಿ ಅಂತ ಮಗ ಫೋನಲ್ಲಿ ಹೇಳಿದ, ಹೆಪಾನೇ ಹಾಕಿಬಿಡಿ ಅಂದ. ಮನೆ ಎಸಿಯೊಳಗಿನ ಫ್ಯಾನ್‌ಗೆ, ಅಂದರೆ ಬ್ಲೋವರ್‌ಗೆ, ಅಷ್ಟು ದಟ್ಟ ಜಾಲರಿಯಿಂದ ಗಾಳಿ ಎಳೆಯುವ ತಾಕತ್ತು ಇರಲ್ಲ. ಗಾಳಿ ಕಡಿಮೆಯಾದರೆ ಕಾಯಿಲ್, ಅಂದರೆ ಗಾಳಿ ತಣ್ಣಗೆ ಮಾಡುವ ಕೊಳವೆಗಳ ಮೇಲೆ ಐಸ್ ಕಟ್ಟುತ್ತೆ. ಮೆಷಿನ್ ತಡೆಯುವಷ್ಟು ದಟ್ಟನೆಯ, ಮಡಿಕೆ ಮಡಿಕೆಯಾಗಿ ಮಡಚಿದ ಫಿಲ್ಟರ್ ಹಾಕಿದೆ.

ಕೊನೆಗೆ ಡ್ರೇನ್ ಟ್ರೇ, ಕಾಯಿಲ್‌ನಿಂದ ತೊಟ್ಟಿಕ್ಕುವ ನೀರು ಬೀಳುವ ತಟ್ಟೆ. ಮುಚ್ಚಳ ತೆಗೆದ ಕೂಡಲೇ ಹಸಿ ಕಾಲುಚೀಲದ ವಾಸನೆ. ಟ್ರೇಯಲ್ಲಿ ಎರಡು ಬೆರಳು ನೀರು, ತಳದಲ್ಲಿ ರಾಗಿ ಅಂಬಲಿಯಂಥ ಲೋಳೆ. ಪೈಪ್ ಇತ್ತು, ಇಳಿಜಾರು ಉಲ್ಟಾ ಇತ್ತು. ಜೊತೆಗೆ ಪೈಪಿಗೆ ಕೊಡಬೇಕಾದ ಯು ಆಕಾರದ ಬಾಗು ಕೊಟ್ಟಿರಲಿಲ್ಲ. ಬ್ಲೋವರ್ ಎಳೆಯುವಾಗ ಆ ಬಾಗಿನಲ್ಲಿ ನಿಂತ ನೀರೇ ಬಿರಡೆಯ ಹಾಗೆ ಕೆಲಸ ಮಾಡುತ್ತೆ. ಅದು ಇಲ್ಲದಿದ್ದರೆ ಹೊರಗಿನ ಗಾಳಿ ಪೈಪಿನಿಂದ ಒಳಗೆ ನುಗ್ಗಿ ನೀರನ್ನು ಟ್ರೇಯಲ್ಲೇ ತಡೆದು ನಿಲ್ಲಿಸುತ್ತೆ. ಹೀಗೆ ವರ್ಷಗಟ್ಟಲೆ ಹಸಿ ಇದ್ದು, ಪೆಟ್ಟಿಗೆಯ ಒಳಮೈಗೆ ಅಂಟಿಸಿದ್ದ ಗ್ಲಾಸ್ ವುಲ್, ಅಂದರೆ ಗಾಜಿನ ನಾರಿನ ಹಾಸು, ಅದರ ಮೇಲೆ ಕಪ್ಪು ಚುಕ್ಕೆ ಎದ್ದಿದ್ದವು. ನೆನೆದು ಬೂಸ್ಟು ಹಿಡಿದ ಗ್ಲಾಸ್ ವುಲ್ ತೊಳೆದರೆ ಹೋಗಲ್ಲ. ಕಿತ್ತು ಬಿಸಾಕಿ, ನೀರು ಕುಡಿಯದ ಫೋಮ್ ಹಾಳೆ ಅಂಟಿಸಿದೆವು. ಕಾಯಿಲ್‌ನ ರೆಕ್ಕೆಗಳನ್ನು ಮೆತ್ತನೆಯ ಬ್ರಷ್‌ನಿಂದ ಉದ್ದಕ್ಕೆ ಉಜ್ಜಿ ತೊಳೆದೆವು. ಅಡ್ಡ ಉಜ್ಜಿದರೆ ಮಡಚಿಕೊಳ್ಳುತ್ತವೆ.

ಮೇಷ್ಟ್ರು ಎರಡೂ ದಿನ ಮಾಸ್ಕ್ ಹಾಕಿಕೊಂಡು ಕುರ್ಚಿ ಹಾಕಿ ಕೂತೇ ನೋಡಿದರು. ಲೋಳೆ ತುಂಬಿದ ಬಕೆಟ್ ಹೊರಗೆ ಒಯ್ಯುವಾಗ "ಏನ್ರಿ ಇದು, ಇಷ್ಟ್ ದಿನ ಇದನ್ನ ಉಸಿರಾಡೇವೇನು?" ಅಂದರು. ಸಂಜೆ ಬರೀ ಫ್ಯಾನ್ ಹಚ್ಚಿ, ಗ್ರಿಲ್‌ಗಳಿಗೆ ಬಿಳಿ ಬಟ್ಟೆ ಕಟ್ಟಿ ಅರ್ಧ ಗಂಟೆ ಬಿಟ್ಟೆವು. ಬಟ್ಟೆ ಬೆಳ್ಳಗೇ ಉಳಿಯಿತು. ಇನ್ನೊಂದು ದಿನ ಕಿಟಕಿ ತೆಗೆದಿಟ್ಟು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಆಮೇಲೆ ಅಕ್ಕಾರನ್ನು ಕರೆಸಿ ಅಂದೆ.

ಹದಿನೈದು ದಿನ ಬಿಟ್ಟು ಫೋನ್ ಮಾಡಿದೆ. ಅಕ್ಕಾರೇ ಎತ್ತಿದರು. "ಎಸಿ ಹಚ್ಚಿದ್ರ ಏನೂ ಇಲ್ರಿ ಈಗ. ಮುಂಜಾನಿ ಸೀನು ಮಾತ್ರ ಹಂಗ ಅದಾವ."

ಆಗ ಅವರ ಎರಡನೇ ಮಾತು ತಲೆಗೆ ಹೊಕ್ಕಿತು. ಒಂದ್ಸಲ ಡಾಕ್ಟರ ಹತ್ತಿರ ಚರ್ಮದ ಮೇಲೆ ಚುಚ್ಚಿ ನೋಡುವ ಅಲರ್ಜಿ ಟೆಸ್ಟ್ ಮಾಡಿಸಿ ಅಂದೆ. ಮಾಡಿಸಿದರು. ಎರಡು ಕಡೆ ದದ್ದು ಎದ್ದಿತ್ತಂತೆ: ಧೂಳಿನ ನುಸಿ, ಅಂದರೆ ಕಣ್ಣಿಗೆ ಕಾಣದ ಸಣ್ಣ ಹುಳ, ಒಂದು; ಕಾಂಗ್ರೆಸ್ ಕಸದ (ಪಾರ್ಥೇನಿಯಂ) ಪರಾಗ ಇನ್ನೊಂದು. ಕಸದ್ದು ನನಗೆ ಮೊದಲ ದಿನವೇ ಹೊಳೆಯಬೇಕಿತ್ತು. ಮಲಗುವ ಕೋಣೆಯ ಕಿಟಕಿ ಹಿಂದೆ ಖಾಲಿ ಸೈಟು, ಸೊಂಟದೆತ್ತರ ಬಿಳಿ ಹೂವು. ಮಳೆಗಾಲದಲ್ಲಿ ಧಾರವಾಡದಲ್ಲಿ ಅದಿಲ್ಲದ ಸೈಟು ಎಲ್ಲಿದೆ ಹೇಳಿ. ಹೂ ಬಿಡುವ ಮುಂಚೆ ಕೀಳಿಸಬೇಕು, ಕೀಳುವವರು ಕೈಗವಸು ಹಾಕಿಕೊಳ್ಳಬೇಕು. ಇಲ್ಲಾಂದ್ರೆ ಅವರ ಮೈ ತುರಿಸುತ್ತೆ.

ನುಸಿ ಡಕ್ಟ್‌ನಲ್ಲಿ ಸಂಸಾರ ಮಾಡೋದು ಕಡಿಮೆ. ಅದಕ್ಕೆ ಬೇಕಾದ್ದು ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಮತ್ತು ಗಾಳಿಯ ತೇವ. ಎರಡೂ ಹಾಸಿಗೆಯಲ್ಲಿ ಸಿಗುತ್ತೆ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೇವಕ್ಕೇನು ಕೊರತೆ? ಸಣ್ಣ ತೇವ ಅಳೆಯುವ ಮೀಟರ್ ಒಯ್ದು ಕೋಣೆಯಲ್ಲಿಟ್ಟೆ, ನೂರಕ್ಕೆ 78 ತೋರಿಸಿತು. 50ರ ಕೆಳಗೆ ಇಳಿದರೆ ನುಸಿ ಬದುಕೋದು ಕಷ್ಟ. ಮಳೆಗಾಲದಲ್ಲಿ ದಿನಕ್ಕೆ ಎರಡು ತಾಸು ಎಸಿಯನ್ನು ತೇವ ಎಳೆಯುವ ಡ್ರೈ ಮೋಡ್‌ನಲ್ಲಿ ಹಚ್ಚಿ ಅಂದೆ. ಮಳೆಗಾಲದಲ್ಲೂ ಎಸಿ ಹಚ್ಚಬೇಕಾ ಅಂತ ಮೇಷ್ಟ್ರು ಕರೆಂಟ್ ಬಿಲ್ ನೆನೆಸಿಕೊಂಡು ಮುಖ ಸಣ್ಣ ಮಾಡಿದರು.

ಮಂಚದ ಮೇಲೆ ಇದ್ದದ್ದು ಹತ್ತಿ ಗಾದಿ, ಅದರ ಮೇಲೆ ಕೌದಿ. ಅಕ್ಕಾರ ಅವ್ವ ಹಳೇ ಇಳಕಲ್ ಸೀರೆಗಳನ್ನು ಪದರ ಪದರ ಇಟ್ಟು ಹೊಲಿದದ್ದು. ಕೈಯಲ್ಲಿ ಎತ್ತಿದೆ, ನಾಲ್ಕು ಕಿಲೋ ಇರಬಹುದು. ಇದು ಯಾವಾಗ ಒಗೆದದ್ದು ಅಂತ ಕೇಳಿದೆ. "ಮಹಾನವಮಿಗೆ ಒಗಿತೀವಿ ವರ್ಷಾ" ಅಂದರು. ವರ್ಷಕ್ಕೊಂದು ಸಲ. ಬಿಸಾಕಿ ಅನ್ನಲು ನನಗೆ ಬಾಯಿ ಬರಲಿಲ್ಲ. ನಮ್ಮನೆಯಲ್ಲೂ ಅಂಥ ಕೌದಿ ಇದೆ, ಯಾರಾದರೂ ಹಾಗೆ ಅಂದರೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಬರೀ ಬಿಸಿಲಿಗೆ ಹಾಕಿದರೆ ಕೆಲವು ನುಸಿ ಒಣಗಿ ಸಾಯಬಹುದು, ಅದರ ಹಿಕ್ಕೆ ಅಲ್ಲೇ ಇರುತ್ತೆ. ಸೀನು ಬರಿಸೋದು ಮುಖ್ಯವಾಗಿ ಆ ಹಿಕ್ಕೆಯೇ. ಹಾಗಾಗಿ ಕೈ ಸುಡುವಷ್ಟು ಬಿಸಿ ನೀರು, 60 ಡಿಗ್ರಿ ಹತ್ತಿರ. ಕೌದಿ ವಾಷಿಂಗ್ ಮೆಷಿನ್‌ನಲ್ಲಿ ಹಿಡಿಯಲಿಲ್ಲ. ಹಿತ್ತಲ ಒಲೆ ಮೇಲೆ ಹಂಡೆ ಇಟ್ಟು ನೀರು ಕಾಯಿಸಿ ನೆನೆಹಾಕಿದರು. ಮೊದಲ ನೀರು ಚಹಾದ ಬಣ್ಣ. ಹೊದೆಯಲು ಈಗ ತೆಳು ದುಪ್ಪಟಿ, ವಾರಕ್ಕೊಮ್ಮೆ ಬಿಸಿನೀರಲ್ಲಿ ಒಗೆಯುತ್ತಾರೆ. ಗಾದಿಗೆ, ದಿಂಬಿಗೆ ಜಿಪ್ ಇರುವ ದಟ್ಟ ನೇಯ್ಗೆಯ ಕವರ್ ಹಾಕಿದರು. ಗಾದಿ ಹಿಂಜುವವರನ್ನು ಮನೆಯ ಅಂಗಳಕ್ಕೆ ಕರೆಸಬೇಡಿ, ಅವರ ಅಂಗಡಿಗೇ ಕಳಿಸಿ ಅಂತಲೂ ಹೇಳಿದೆ. ಡಾಕ್ಟರು ಕೊಟ್ಟ ಮೂಗಿನ ಸ್ಪ್ರೇ ಬಿಡಬೇಡಿ ಅಂತ ಬೇರೆ ಹೇಳಬೇಕಾಯಿತು, ಸ್ವಲ್ಪ ಹಗುರ ಆದ ಕೂಡಲೇ ಬಿಟ್ಟಿದ್ದರು.

ಡಕ್ಟ್ ಇಲ್ಲದವರು ಕೇಳುತ್ತಾರೆ, ನಮಗೇನು ಅಂತ. ಸ್ಪ್ಲಿಟ್ ಎಸಿಯ ಗಾಳಿ ಬರುವ ರೆಕ್ಕೆಯನ್ನು ಎತ್ತಿ ಒಳಗೆ ಟಾರ್ಚ್ ಬಿಡಿ. ಉದ್ದನೆಯ ಉರುಳೆ ಕಾಣುತ್ತೆ. ಅದರ ಮೇಲೆ ಕಪ್ಪು ಚುಕ್ಕೆ ಇದ್ದರೆ ಫಿಲ್ಟರ್ ಒಂದನ್ನೇ ತೊಳೆದು ಪ್ರಯೋಜನ ಇಲ್ಲ, ಬಿಚ್ಚಿ ಜೆಟ್ ಪಂಪಿನಿಂದ ತೊಳೆಸಿ. ಫಿಲ್ಟರ್ ಮಾತ್ರ ಹುಬ್ಬಳ್ಳಿ ಧೂಳಿಗೆ ವಾರಕ್ಕೊಂದು ಸಲ, ನೀವೇ, ನಲ್ಲಿ ಕೆಳಗೆ. ಎಸಿ ಬಂದ್ ಮಾಡುವ ಮುಂಚೆ ಹತ್ತು ಹದಿನೈದು ನಿಮಿಷ ಬರೀ ಫ್ಯಾನ್ ಬಿಟ್ಟರೆ ಕಾಯಿಲ್ ಒಣಗುತ್ತೆ. ಗದಗ ಕಡೆ ಕೂಲರ್ ಜಾಸ್ತಿ. ಅದರ ನೀರು ವಾರಕ್ಕೊಮ್ಮೆ ಪೂರ್ತಿ ಚೆಲ್ಲಿ ಟ್ಯಾಂಕ್ ಉಜ್ಜಿ, ಡೆಂಗಿ ಸೊಳ್ಳೆಗೂ ಅದೇ ಮದ್ದು. ವಾಸನೆ ಬಂದ ಹುಲ್ಲಿನ ಪ್ಯಾಡ್ ಒಣಗಿಸಿ ಮತ್ತೆ ಹಾಕೋದು ಬೇಡ. ಕಿಟಕಿ ಮುಚ್ಚಿ ಕೂಲರ್ ಹಚ್ಚಿದರೆ ಕೋಣೆ ತೇವ ಏರಿ ನುಸಿಗೇ ಹಬ್ಬ.

ಮನೆಯಲ್ಲಿ ಬಣ್ಣ, ಕಟ್ಟಿಗೆ ಕೆಲಸ, ಗೋಡೆ ಕೊರೆಯುವುದು ನಡೆದಿದ್ದಾಗ ಎಸಿ ಹಚ್ಚಲೇಬೇಡಿ. ಇದನ್ನು ಎಷ್ಟು ಜನಕ್ಕೆ ಹೇಳಿದೆನೋ. "ಗೌಂಡಿ ಬೆವರಾಕತ್ತಾನ್ರಿ, ಪಾಪ" ಅಂತಾರೆ.

ಹೋದ ಮಹಾನವಮಿಗೆ ನಾಲ್ಕು ದಿನ ಮುಂಚೆ ಅಕ್ಕಾರ ಫೋನ್ ಬಂತು. ಎಸಿ ಕೆಟ್ಟಿತೇನೋ ಅಂದುಕೊಂಡೆ. "ಈ ವರ್ಷ ಇದು ಮೂರನೇ ಸಲ ಕೌದಿ ಒಗಿಯೂದು ನೋಡ್ರಿ. ಮುಂಜಾನಿ ಸೀನು ಈಗ ಎರಡೋ ಮೂರೋ ಅಷ್ಟ. ನಿಮ್ಮನೀವು ಒಗದ್ರೇನು?" ಅಂದರು. ನಾನು ನಮ್ಮಾಕಿಗೆ ಫೋನ್ ಕೊಟ್ಟೆ.