ಬಿಚ್ಚಿಟ್ಟ ಕಾರಿಗೊಂದು ಮನೆ: ಗ್ಯಾರೇಜ್ ಕಟ್ಟಿಕೊಂಡ ನನ್ನ ಅನುಭವ

ಕಾರು ನಿಲ್ಲಿಸುವ ಶೆಡ್ಡೇ ಬೇರೆ, ಕಾರು ಬಿಚ್ಚುವ ಗ್ಯಾರೇಜೇ ಬೇರೆ. ಮೂರು ಮೀಟರ್ ಅಗಲ, ಆರು ಮೀಟರ್ ಉದ್ದವಿದ್ದರೆ ಸಾಮಾನ್ಯ ಕಾರು ಆರಾಮವಾಗಿ ಒಳಗೆ ನಿಲ್ಲುತ್ತದೆ. ಅದೇ ಕಾರಿನ ಎಂಜಿನ್ ಇಳಿಸಿ, ಗೇರ್ ಬಾಕ್ಸ್ ಬೇರ್ಪಡಿಸಿ, ಸೀಟು, ಬಂಪರ್, ಬಾನೆಟ್ ಕಳಚಿ ಸುತ್ತ ಇಟ್ಟರೆ ಕಾಲಿಡಲು ಜಾಗವಿರುವುದಿಲ್ಲ. ಹೀಗಾಗಿ ನಕ್ಷೆ ಬರೆಯುವ ಮೊದಲು ಬಯಲಿನಲ್ಲಿ ಕಾರು ನಿಲ್ಲಿಸಿ, ನಾಲ್ಕೂ ಬಾಗಿಲು ಪೂರ್ತಿ ತೆರೆದು, ಸುತ್ತಲೂ ಸುಣ್ಣದ ಗೆರೆ ಎಳೆದೆ. ಮುಂಭಾಗದಲ್ಲಿ ಎಂಜಿನ್ ಎತ್ತುವ ಕ್ರೇನಿನ ಕಾಲುಗಳಿಗೆ, ಅದನ್ನು ಹಿಂದಕ್ಕೆ ಎಳೆಯುವ ದಾರಿಗೆ, ಆಮೇಲೆ ಕೆಲಸದ ಮೇಜಿಗೆ ಜಾಗ ಸೇರಿಸಿದೆ. ಲೆಕ್ಕ ಐದು ಮೀಟರ್ ಅಗಲ, ಏಳೂವರೆ ಮೀಟರ್ ಉದ್ದಕ್ಕೆ ಬಂದು ನಿಂತಿತು. ಇದು ಒಂದೇ ಒಂದು ಕಾರಿಗೆ.

ಹಣ ಹಂಚುವಾಗ ಒಂದು ನಿಯಮ ಇಟ್ಟುಕೊಂಡಿದ್ದೆ: ಆಮೇಲೆ ಬದಲಾಯಿಸಲಾಗದ್ದಕ್ಕೆ ಮೊದಲ ಪಾಲು. ಅಂದರೆ ಎತ್ತರ, ನೆಲ, ಗೋಡೆಯೊಳಗಿನ ವಿದ್ಯುತ್ ಕೊಳವೆ. ಉಪಕರಣಗಳು ಒಂದೊಂದಾಗಿ ಬರಲಿ, ಅವಸರವಿಲ್ಲ. ಎರಡು ಕಂಬಗಳ ಲಿಫ್ಟ್ ಕೊಳ್ಳುವ ಶಕ್ತಿ ಈಗ ಇಲ್ಲ. ಆದರೂ ಚಾವಣಿಯನ್ನು 3.7 ಮೀಟರಿಗೆ ಏರಿಸಿದೆ. ಒಂದೂವರೆ ಮೀಟರ್ ಎತ್ತರದ ಕಾರನ್ನು ಆಳೆತ್ತರಕ್ಕೆ ಎತ್ತಿ ಅದರಡಿ ನೆಟ್ಟಗೆ ನಿಲ್ಲಬೇಕಾದರೆ ಅಷ್ಟು ಬೇಕೇ ಬೇಕು. ಸುರುಳಿ ಸುತ್ತುವ ಶಟರ್ ಬಾಗಿಲಿನ ಉರುಳೆ ಒಳಗೆ ಬರುವುದಾದರೆ ಅದು ತಿನ್ನುವ ಎತ್ತರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಅತಿ ಹೆಚ್ಚು ಚರ್ಚೆ ನಡೆದದ್ದು ನೆಲದ ಬಗ್ಗೆ. ನೀರು ಹರಿದುಹೋಗಲಿ ಎಂದು ಇಡೀ ನೆಲಕ್ಕೆ ಬಾಗಿಲ ಕಡೆ ಇಳಿಜಾರು ಕೊಡಬೇಕೆಂಬುದು ಮೇಸ್ತ್ರಿಯವರ ಪಟ್ಟು. ‘ನೀರು ನಿಂತರೆ ಬೈಯುವುದು ನನ್ನನ್ನೇ ಸ್ವಾಮಿ’ ಎಂದರು. ಅವರ ಮಾತು ನ್ಯಾಯವಾದದ್ದೇ. ಆದರೆ ಇಳಿಜಾರಿನಲ್ಲಿ ಜ್ಯಾಕ್ ಸ್ಟ್ಯಾಂಡ್‌ಗಳ ಮೇಲೆ ಕೂತ ಕಾರನ್ನು ನಾನು ನಂಬುವುದಿಲ್ಲ. ಚಕ್ರಗಳ ಕೋನ ಅಳೆಯುವಂಥ ಕೆಲಸಕ್ಕಂತೂ ಮಟ್ಟಸವಾದ ನೆಲವೇ ಬೇಕು. ಕೊನೆಗೆ ಕಾರು ನಿಲ್ಲುವ ಭಾಗ ಪೂರ್ತಿ ಸಮತಟ್ಟು, ಬಾಗಿಲ ಬಳಿಯ ಪಟ್ಟಿಗೆ ಮಾತ್ರ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಎಂದು ಒಪ್ಪಂದವಾಯಿತು.

ಕಾಂಕ್ರೀಟ್ ಗಟ್ಟಿಯಾಗಿದ್ದರೂ ಅಡಿಯ ಮಣ್ಣು ಕೂತರೆ ನೆಲ ಬಿರಿಯುತ್ತದೆ. ಮಣ್ಣನ್ನು ಪದರ ಪದರವಾಗಿ ದಮ್ಮಸ್ಸು ಮಾಡಿಸಿ, ಜಲ್ಲಿ ಹರಡಿ, ಅದರ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದೆವು. ಈ ಹಾಳೆ ಇಲ್ಲದಿದ್ದರೆ ನೆಲದ ತೇವ ಮೇಲೇರಿ, ಮುಂದೆ ಬಳಿಯುವ ಬಣ್ಣವನ್ನು ಗುಳ್ಳೆ ಗುಳ್ಳೆಯಾಗಿ ಎಬ್ಬಿಸುತ್ತದೆ. ಕಬ್ಬಿಣದ ಜಾಲರಿ ಹಾಳೆಗೆ ಅಂಟಿಕೊಂಡು ಮಲಗಬಾರದು. ಸಣ್ಣ ಬಿಲ್ಲೆಗಳ ಮೇಲೆ ಕೂರಿಸಿದರೆ ಅದು ಕಾಂಕ್ರೀಟಿನ ಒಳಗೇ ಉಳಿಯುತ್ತದೆ. ಎಂ25 ದರ್ಜೆಯ ಕಾಂಕ್ರೀಟ್, ಸಾಮಾನ್ಯ ಭಾಗದಲ್ಲಿ 100 ಮಿಲಿಮೀಟರ್, ಲಿಫ್ಟಿನ ಕಂಬ ಬರುವ ಕಡೆ 150 ಮಿಲಿಮೀಟರ್ ದಪ್ಪ. ಸುರಿದ ಮರುದಿನವೇ ದಪ್ಪದ ಕಾಲು ಭಾಗದಷ್ಟು ಆಳಕ್ಕೆ ಗೆರೆ ಕೊರೆಸಿದೆ. ಕಾಂಕ್ರೀಟ್ ಒಣಗುತ್ತ ಕುಗ್ಗುವುದನ್ನು ತಡೆಯಲಾಗದು. ಬಿರುಕು ನಾವು ಹೇಳಿದ ಗೆರೆಯಲ್ಲೇ ಬರುವಂತೆ ಮಾಡಬಹುದು, ಅಷ್ಟೇ.

ನೀರುಣಿಸಿ, 28 ದಿನ ಭಾರ ಹಾಕದೆ ಬಿಟ್ಟು, ಆಮೇಲೆ ನೆಲಕ್ಕೆ ಗಟ್ಟಿ ಪದರವಾಗಿ ಕೂರುವ ಎಪಾಕ್ಸಿ ಬಣ್ಣ. ಅದಕ್ಕೂ ಮುನ್ನ ಒಂದು ಸರಳ ಪರೀಕ್ಷೆ: ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಟ್ಟು ತೆಗೆಯುವುದು. ಅಡಿಯಲ್ಲಿ ಹನಿ ಕಂಡರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಇನ್ನೂ ಕಾಯಬೇಕು. ನುಣ್ಣನೆಯ ಮೇಲ್ಪದರವನ್ನು ಗ್ರೈಂಡರಿನಲ್ಲಿ ಉಜ್ಜಿ ಒರಟಾಗಿಸದೆ ಬಣ್ಣ ಬಳಿದರೆ, ಓಡಿ ಬಂದ ಕಾರಿನ ಬಿಸಿ ಟೈರು ಅದನ್ನು ಕಿತ್ತುಕೊಂಡೇ ಹೋಗುತ್ತದೆ. ಬಣ್ಣ ತಿಳಿಬೂದು ಆರಿಸಿದೆ. ಕಪ್ಪು ನೆಲದ ಮೇಲೆ ಬಿದ್ದ ಸ್ಕ್ರೂ ಹುಡುಕಿದವರಿಗೆ ಕಾರಣ ಹೇಳಬೇಕಿಲ್ಲ.

ಲಿಫ್ಟಿಗೆ ಬದಲು, ಕಾರಿನಡಿ ಇಳಿದು ಕೆಲಸ ಮಾಡುವ ಗುಂಡಿ ತೋಡಿಸಬಹುದಿತ್ತಲ್ಲ ಎಂದು ಹಲವರು ಕೇಳಿದ್ದಾರೆ. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ಅದು ತಗ್ಗು ಹುಡುಕಿಕೊಂಡು ಹೋಗಿ ಗುಂಡಿಯಲ್ಲಿ ಮಡುಗಟ್ಟುತ್ತದೆ, ಮೇಲೆ ನಿಂತವನಿಗೆ ವಾಸನೆಯೂ ತಿಳಿಯದಿರಬಹುದು. ಸದಾ ಗಾಳಿ ಹೊರದೂಡುವ ವ್ಯವಸ್ಥೆ ಇಲ್ಲದ ಗುಂಡಿಗೆ ನಾನಂತೂ ಇಳಿಯಲಾರೆ. ಇದೇ ಕಾರಣಕ್ಕೆ, ಸ್ವಿಚ್ಚಿನ ಕಿಡಿ ಆ ಆವಿಗೆ ತಾಗದಿರಲೆಂದು, ಪ್ಲಗ್ ಪಾಯಿಂಟ್‌ಗಳನ್ನೆಲ್ಲ ನೆಲದಿಂದ ಸುಮಾರು 1.1 ಮೀಟರ್ ಮೇಲೆ ಇರಿಸಿದೆ. ಮೇಜಿನ ಮೇಲೆ ಕೆಲಸ ಮಾಡುವಾಗ ಕೈಗೂ ಅದೇ ಎತ್ತರ ಸಲೀಸು.

ವಿದ್ಯುತ್ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಿದೆ, ಆದರೆ ಏನು ಬೇಕೆಂಬುದನ್ನು ನಾನೇ ಬರೆದುಕೊಟ್ಟೆ. ಮನೆಯ ಮುಖ್ಯ ಫಲಕದಿಂದ ಗ್ಯಾರೇಜಿಗೇ ಪ್ರತ್ಯೇಕ ಉಪಫಲಕ, ಒಳ್ಳೆಯ ಅರ್ಥಿಂಗ್, ಪ್ಲಗ್ ಪಾಯಿಂಟ್‌ಗಳಿಗೆ 30 ಮಿಲಿಆಂಪಿಯರ್ ಆರ್‌ಸಿಸಿಬಿ, ಅಂದರೆ ವಿದ್ಯುತ್ ಸೋರಿದರೆ ತಾನೇ ಕಡಿಯುವ ಸ್ವಿಚ್. ವೆಲ್ಡಿಂಗ್ ಯಂತ್ರಕ್ಕೆ ಒಂದು ಸರ್ಕ್ಯೂಟ್, ಗಾಳಿ ಒತ್ತಿ ತುಂಬುವ ಕಂಪ್ರೆಸರಿಗೆ ಇನ್ನೊಂದು. ಕಂಪ್ರೆಸರಿನ ಮೋಟಾರು ಹೊರಡುವಾಗ ಓಡುವಾಗಿನದಕ್ಕಿಂತ ಹಲವು ಪಟ್ಟು ವಿದ್ಯುತ್ ಎಳೆಯುತ್ತದೆ. ಮನೆಗೆ ಹಾಕುವ ಸಾಮಾನ್ಯ ಬಿ ವರ್ಗದ ಎಂಸಿಬಿ (ಹೊರೆ ಮಿತಿಮೀರಿದರೆ ವಿದ್ಯುತ್ ಕಡಿಯುವ ಸ್ವಿಚ್) ಹಾಕಿದರೆ ಪ್ರತಿ ಸಲವೂ ಬೀಳುವ ಸಾಧ್ಯತೆಯಿದೆ, ಸಿ ವರ್ಗದ್ದು ಆ ಕ್ಷಣವನ್ನು ತಾಳಿಕೊಳ್ಳುತ್ತದೆ. ದೀಪಗಳ ಸರ್ಕ್ಯೂಟ್ ಇವೆಲ್ಲದರಿಂದ ಬೇರೆ. ಗ್ರೈಂಡರ್ ಸಿಕ್ಕಿಕೊಂಡು ಎಂಸಿಬಿ ಬಿದ್ದಾಗ ದೀಪವೂ ಆರಿಹೋದರೆ, ಕತ್ತಲಲ್ಲಿ ಇನ್ನೂ ತಿರುಗುತ್ತಿರುವ ಚಕ್ರ ಕೈಯಲ್ಲಿರುತ್ತದೆ.

ದೀಪಗಳನ್ನು ನಡುಚಾವಣಿಯಲ್ಲಿ ಸಾಲಾಗಿ ಹಾಕುವುದು ರೂಢಿ. ಬಾನೆಟ್ ಎತ್ತಿದ ಕೂಡಲೇ ಆ ಬೆಳಕು ಬಾನೆಟ್ಟಿನ ಬೆನ್ನಿಗೆ ಬೀಳುತ್ತದೆ, ಎಂಜಿನ್ನಿಗೆ ನೆರಳು. ನಾನು ಕಾರಿನ ಎರಡೂ ಪಕ್ಕದ ಉದ್ದಕ್ಕೆ ಒಂದೊಂದು ಸಾಲು, ಮೇಜಿನ ಮೇಲೊಂದು ಸಾಲು ಹಾಕಿಸಿದೆ. ಹಗಲನ್ನು ಹೋಲುವ 5000 ಕೆಲ್ವಿನ್ ಬಿಳಿ ಬೆಳಕು, ಬಣ್ಣದ ನಿಜ ಛಾಯೆ ತೋರುವ ಸೂಚ್ಯಂಕ 90ಕ್ಕಿಂತ ಮೇಲೆ. ಅಗ್ಗದ ಎಲ್‌ಇಡಿಗಳ ಕಣ್ಣಿಗೆ ಕಾಣದ ಮಿಣುಕಿನಲ್ಲಿ ತಿರುಗುವ ಯಂತ್ರ ನಿಂತಂತೆ ತೋರುವುದುಂಟು, ಆದ್ದರಿಂದ ದೀಪದಲ್ಲಿ ಜಿಪುಣತನ ಮಾಡಲಿಲ್ಲ. ಗೋಡೆಗೆ ಬಿಳಿ.

ಕಂಪ್ರೆಸರನ್ನು ಹಿಂಗೋಡೆಯ ಹೊರಗೆ ಗಾಳಿಯಾಡುವ ಗೂಡಿನಲ್ಲಿ ಇಟ್ಟೆ. ಅದರ ಸದ್ದಿನ ಜೊತೆ ಒಂದೇ ಕೋಣೆಯಲ್ಲಿ ಇರುವುದು ಶಿಕ್ಷೆ. ಒತ್ತಿದ ಗಾಳಿ ತಣಿದಾಗ ಅದರೊಳಗಿನ ತೇವ ನೀರಾಗುತ್ತದೆ. ಪೈಪಿಗೆ ಸ್ವಲ್ಪ ಇಳುಕಲು ಕೊಟ್ಟು, ತುದಿಯಲ್ಲಿ ನೀರು ಬಿಡುವ ನಲ್ಲಿ ಇರಿಸಿದೆ. ಕವಲುಗಳನ್ನು ಮುಖ್ಯ ಪೈಪಿನ ಮೇಲ್ಭಾಗದಿಂದ ಎಬ್ಬಿಸಿ ಕೆಳಕ್ಕೆ ಬಾಗಿಸಿದರೆ ನೀರು ಬಣ್ಣದ ಗನ್ನಿಗೆ ಬರುವುದಿಲ್ಲ. ನೀರಿನ ಪಿವಿಸಿ ಪೈಪನ್ನು ಇದಕ್ಕೆ ಬಳಸಲೇಬಾರದು. ಒಡೆದರೆ ಸೋರುವುದಿಲ್ಲ, ಚೂರು ಚೂರಾಗಿ ಸಿಡಿಯುತ್ತದೆ.

ಮೇಜು 900 ಮಿಲಿಮೀಟರ್ ಎತ್ತರ. ವಸ್ತುವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ವೈಸನ್ನು ಮೇಜಿನ ಕಾಲಿನ ನೇರಕ್ಕೆ, ಅದರ ದವಡೆ ಅಂಚಿನಿಂದ ತುಸು ಹೊರಚಾಚುವಂತೆ ಕೂರಿಸಿದರೆ ಉದ್ದನೆಯ ಸರಳನ್ನು ನೆಟ್ಟಗೆ ಇಳಿಬಿಟ್ಟು ಹಿಡಿಸಬಹುದು. ಒಂದು ಗೋಡೆಗೆ ಪೂರ್ತಿ 18 ಮಿಲಿಮೀಟರ್ ಪ್ಲೈವುಡ್ ಹೊದಿಸಿದ್ದೇನೆ. ಕೊಕ್ಕೆಯನ್ನು ಎಲ್ಲಿ ಬೇಕಾದರೂ ತಿರುಪಬಹುದು, ಮನಸ್ಸು ಬದಲಾದರೆ ಕಿತ್ತು ಬೇರೆಡೆ ಹಾಕಬಹುದು. ಬಾಗಿಲು, ಬಾನೆಟ್‌ನಂಥ ದೊಡ್ಡ ಭಾಗಗಳು ಈ ಗೋಡೆಯ ಮೇಲೆ ನೇತಾಡುತ್ತವೆ. ನೆಲ ಕಾಣುತ್ತಿರಬೇಕು, ಇಲ್ಲದಿದ್ದರೆ ಜ್ಯಾಕ್ ಉರುಳುವುದಿಲ್ಲ.

ಮನೆಯೊಳಗೆ ತೆರೆಯುವ ಬಾಗಿಲಿಗೆ ಸಂದಿಲ್ಲದಂತೆ ರಬ್ಬರ್ ಪಟ್ಟಿ, ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗ್ ಇದೆ. ಎಂಜಿನ್ನಿನ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಶಟರ್ ತೆರೆದಿದ್ದರೆ ಸಾಕೆಂಬ ನಂಬಿಕೆ ಅಪಾಯದ್ದು. ಒಳಗೆ ಎಂಜಿನ್ ಓಡಿಸುವಾಗ ಸೈಲೆನ್ಸರಿಗೆ ಶಾಖ ತಾಳುವ ಕೊಳವೆ ಸಿಕ್ಕಿಸಿ ಹೊಗೆಯನ್ನು ನೇರ ಹೊರಗೆ ಬಿಡುತ್ತೇನೆ, ಮನೆಯ ಕಡೆ ಈ ಅನಿಲ ಸೇರಿದರೆ ಕೂಗುವ ಎಚ್ಚರಿಕೆ ಗಂಟೆಯೂ ಇದೆ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ನನ್ನ ಗ್ಯಾರೇಜಿನಲ್ಲಿ ಇಲ್ಲವೇ ಇಲ್ಲ. ಅದರ ಪಸೆ ಉಳಿದ ಲೋಹಕ್ಕೆ ವೆಲ್ಡಿಂಗ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಬೆಂಕಿ ನಂದಿಸುವ ಸಿಲಿಂಡರುಗಳು ಬಾಗಿಲ ಬಳಿ ಇವೆ, ವೆಲ್ಡಿಂಗ್ ಮೂಲೆಯಲ್ಲಲ್ಲ. ಬೆಂಕಿ ಎದ್ದ ಕಡೆಗೇ ಹೋಗಿ ಸಿಲಿಂಡರ್ ತರಬೇಕಾದರೆ ಅದು ಇದ್ದೂ ಇಲ್ಲದಂತೆ.

ಉಪಕರಣಗಳಲ್ಲಿ ಮೊದಲು ಬಂದದ್ದು ನಾಲ್ಕು ಗಟ್ಟಿ ಜ್ಯಾಕ್ ಸ್ಟ್ಯಾಂಡ್. ಜ್ಯಾಕ್ ಇರುವುದು ಎತ್ತಲಿಕ್ಕೆ, ಹೊತ್ತು ನಿಲ್ಲಲಿಕ್ಕಲ್ಲ. ಆಮೇಲೆ ಸಾಕೆಟ್ ಸೆಟ್, ಸ್ಪ್ಯಾನರ್‌ಗಳು, ಬೋಲ್ಟನ್ನು ಹೇಳಿದಷ್ಟೇ ಬಿಗಿಯುವ ಟಾರ್ಕ್ ರೆಂಚ್. ಕ್ಲಿಕ್ ಮಾದರಿಯ ಟಾರ್ಕ್ ರೆಂಚನ್ನು ಕೆಲಸ ಮುಗಿದ ಮೇಲೆ ಅದರ ಕನಿಷ್ಠ ಅಳತೆಗೆ ಸಡಿಲಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಸೋತು ಸುಳ್ಳು ಹೇಳತೊಡಗುತ್ತದೆ. ಬಿಚ್ಚಿದ ಬೋಲ್ಟುಗಳನ್ನು ರಟ್ಟಿನ ಮೇಲೆ, ಅವು ಇದ್ದ ಕ್ರಮದಲ್ಲೇ ಚುಚ್ಚಿಡುತ್ತೇನೆ. ಉದ್ದದ ಬೋಲ್ಟನ್ನು ಗಿಡ್ಡದ ತೂತಿಗೆ ಬಿಗಿದು ಹೊದಿಕೆ ಸೀಳುವ ಪ್ರಮೇಯ ಬರುವುದಿಲ್ಲ. ಹಳೆಯ ಎಂಜಿನ್ ಆಯಿಲ್‌ಗೆ ಒಂದು ಕ್ಯಾನ್, ಕೂಲಂಟ್‌ಗೆ ಇನ್ನೊಂದು, ಎರಡರ ಮೇಲೂ ದೊಡ್ಡ ಅಕ್ಷರದ ಚೀಟಿ. ಬೆರೆತ ಎಣ್ಣೆಯನ್ನು ಮರುಬಳಕೆಗೆ ಯಾರೂ ಸುಲಭವಾಗಿ ತೆಗೆದುಕೊಳ್ಳುವುದಿಲ್ಲ.